ಐಸ್ ಮಗ್‌ನಲ್ಲಿ ಸ್ಟೌಟ್ ಕೊಡುವ ಮಹಾನುಭಾವರೇ

ನಿನ್ನೆ ಸಂಜೆ ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ (ತಾವೇ ಬಿಯರ್ ತಯಾರಿಸಿ ಮಾರುವ ಪಬ್. ಹೆಸರು ಬೇಡ, ಕಾಮೆಂಟ್‌ನಲ್ಲೂ ಕೇಳಬೇಡಿ) ಕಣ್ಣೆದುರೇ ಆದ ಅನ್ಯಾಯ ಇದು. ಪಕ್ಕದ ಟೇಬಲ್ಲಿಗೆ ಸ್ಟೌಟ್, ಅಂದರೆ ಹುರಿದ ಧಾನ್ಯದಿಂದ ಮಾಡಿದ ಕಪ್ಪು ಬಿಯರ್, ಬಂತು. ಫ್ರೀಜರ್‌ನಿಂದ ಆಗಷ್ಟೇ ತೆಗೆದ ದಪ್ಪ ಗಾಜಿನ ಮಗ್. ಹೊರಗೂ ಬೆಳ್ಳಗೆ ಹಿಮ, ಒಳಗೂ ಹಿಮ. ಸುರಿದದ್ದೇ ತಡ, ಮುಕ್ಕಾಲು ಮಗ್ ನೊರೆ. ಹುಡುಗ ಚಮಚದಲ್ಲಿ ನೊರೆ ಕೆರೆದು ಚೆಲ್ಲಿ, ಮೇಲೊಂದಿಷ್ಟು ಹುಯ್ದು, ದೊಡ್ಡ ಉಪಕಾರ ಮಾಡಿದವನ ಹಾಗೆ ಮುಂದಿಟ್ಟ. ಆರ್ಡರ್ ಮಾಡಿದವರು ಒಂದು ಗುಟುಕು ಹೀರಿ, "ಏನ್ ಗುರು ಇದು, ತಳ ಸೀದ ಪಾತ್ರೆ ತೊಳೆದ ನೀರು ಥರ ಇದೆ. ಇದಕ್ಕಿಂತ ಸ್ಟ್ರಾಂಗ್ ಕ್ಯಾನೇ ವಾಸಿ" ಅಂದರು.

ಅವರ ನಾಲಿಗೆಯದು ಏನೂ ತಪ್ಪಿಲ್ಲ. ಅವರು ಸ್ಟೌಟ್ ಕುಡಿಯಲೇ ಇಲ್ಲ, ಅಷ್ಟೇ.

ಈ ವಿಷಯಕ್ಕೆ ಬಾಯಿ ತೆಗೆದರೆ ನಾನು ಬೇಗ ಮುಚ್ಚಲ್ಲ ಅಂತ ನಿಮಗೆಲ್ಲ ಗೊತ್ತು. ಪುರುಸೊತ್ತಿಲ್ಲದವರು ಈಗಲೇ ಲೈಕ್ ಒತ್ತಿ ಮುಂದೆ ಹೋಗಬಹುದು.

ಲೆಕ್ಕ ನೋಡಿ. ಅಂಥ ಮಗ್ ಸುಮಾರು 800 ಗ್ರಾಂ ತೂಗುತ್ತೆ, ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಗೆ ಇಳಿದಿರುತ್ತೆ. ನಲ್ಲಿಯಿಂದ 6 ಡಿಗ್ರಿಯಲ್ಲಿ ಬಂದ 400 ಎಂಎಲ್ ಬಿಯರ್ ಅದರೊಳಗೆ ಬಿದ್ದರೆ, ಗಾಜೂ ಬಿಯರೂ ಹೊಂದಿಕೊಳ್ಳುವ ಹೊತ್ತಿಗೆ ಸೊನ್ನೆ ಡಿಗ್ರಿಯ ಆಸುಪಾಸಿಗೆ ಬಂದಿರುತ್ತೆ. ಆ ಚಳಿಯಲ್ಲಿ ಬಿಯರ್‌ನ ವಾಸನೆ ಮೂಗಿನವರೆಗೆ ಏಳೋದೇ ಇಲ್ಲ. ನಾಲಿಗೆಗೆ ಸಿಹಿ ಮಂಕಾಗುತ್ತೆ. ಕಹಿ ಮತ್ತು ಗ್ಯಾಸಿನ ಚುರುಕು ಮಾತ್ರ ಉಳಿಯುತ್ತೆ. ಸ್ಟೌಟ್‌ನಿಂದ ವಾಸನೆಯನ್ನೂ ಸಿಹಿಯನ್ನೂ ಕಿತ್ತುಕೊಂಡರೆ ಇನ್ನೇನು ಉಳಿಯಬೇಕು? ಸೀದ ಪಾತ್ರೆ ತೊಳೆದ ನೀರೇ. ಪಾಪ, ಆ ಮನುಷ್ಯ ಸರಿಯಾಗಿಯೇ ಹೇಳಿದರು.

ಇನ್ನು ಹಿಮದ ಕಥೆ. ಹಿಮದ ಮೈ ಒರಟು. ಬಿಯರ್‌ನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಒರಟು ಸಿಕ್ಕಲ್ಲೆಲ್ಲ ಗುಳ್ಳೆ ಕಟ್ಟುತ್ತೆ. ಅದಕ್ಕೇ ಆ ಪಾಟಿ ನೊರೆ. ನೊರೆ ಕೆರೆದು ಚೆಲ್ಲಿದ್ದು ಅಂದರೆ ಬಿಯರನ್ನೇ ಚೆಲ್ಲಿದ್ದು, ಬಿಲ್ಲಿನಲ್ಲಿ ಮಾತ್ರ ಪೂರ್ತಿ ಇರುತ್ತೆ. ಹಿಮ ಕರಗಿದರೆ ನೀರು ಬೆರಕೆ. ಆ ನೀರಾದರೂ ಶುದ್ಧವಾ? ಫ್ರೀಜರ್‌ನಲ್ಲಿ ಪಕ್ಕದಲ್ಲೇ ಇದ್ದ ಮೀನು, ಮಸಾಲೆ ಹಚ್ಚಿಟ್ಟ ಕಬಾಬು, ಎಲ್ಲದರ ವಾಸನೆ ಹೀರಿಕೊಂಡು ಕೂತಿರುತ್ತೆ.

"ನಮ್ಮ ಸೆಖೆಗೆ ಚಿಲ್ಡ್ ಇಲ್ಲದೆ ಆಗುತ್ತೇನ್ರಿ?" ಅಂತ ಯಾರಾದರೂ ಕೇಳೇ ಕೇಳ್ತೀರಿ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಕೂತು ಕೇಳಿದರೆ ಒಂದು ಮಾತು. ಇಂದಿರಾನಗರದ ಏಸಿ ರೂಮಲ್ಲಿ ಕೂತು ಕೇಳಬೇಡಿ. ಬಾಯಾರಿಕೆಗೆ ಮಜ್ಜಿಗೆ ಇದೆ, ಎಳನೀರಿದೆ. ಲಾಗರ್ (ನಮ್ಮಲ್ಲಿ ಎಲ್ಲೆಡೆ ಸಿಗುವ ತಿಳಿ ಹೊಂಬಣ್ಣದ ಬಿಯರ್) ತಣ್ಣಗೇ ಇರಲಿ, ಬೇಡ ಅಂದವರು ಯಾರು? 4ರಿಂದ 7 ಡಿಗ್ರಿ, ಅಂದರೆ ಮನೆಯ ಫ್ರಿಜ್‌ನ ತಂಪು, ಅದಕ್ಕೆ ಹೇಳಿ ಮಾಡಿಸಿದ್ದು. ಗೋಧಿ ಬಿಯರ್‌ಗೆ 6ರಿಂದ 8. ಕಹಿ ಜಾಸ್ತಿ ಇರುವ ಐಪಿಎಗೆ 7ರಿಂದ 10. ಸ್ಟೌಟ್‌ಗೆ 8ರಿಂದ 12, ಇನ್ನೂ ಗಾಢವಾದ ಇಂಪೀರಿಯಲ್ ಸ್ಟೌಟ್ ಆದರೆ 12ರಿಂದ 14. ಐರ್ಲೆಂಡಿನ ಹೆಸರಾಂತ ಸ್ಟೌಟ್ ಕಂಪನಿ ಗಿನ್ನೆಸ್‌ನವರು ತಮ್ಮ ಡ್ರಾಫ್ಟ್‌ಗೆ 6 ಡಿಗ್ರಿ ಅಂತಾರೆ, ಅದು ಸ್ಟೌಟ್‌ಗಳ ಪೈಕಿ ಹಗುರದ್ದು, ಸರಿ. ಸೊನ್ನೆ ಅಂತ ಅವರೂ ಹೇಳಲ್ಲ.

ಈ ಚಿಲ್ಡ್ ಹುಚ್ಚು ಎಲ್ಲಿಂದ ಬಂತು ಅಂತ ನನಗೊಂದು ಗುಮಾನಿ ಇದೆ. ನಮ್ಮಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ಹೆಚ್ಚುಪಾಲು ಸ್ಟ್ರಾಂಗ್. ಅಗ್ಗದಲ್ಲಿ ಆಲ್ಕೋಹಾಲ್ ಏರಿಸಬೇಕಾದರೆ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆಗೆ ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಸೇರಿಸಬೇಕು. ಹುದುಗಿಸುವ ಯೀಸ್ಟನ್ನು ಬೆಚ್ಚಗೆ ಇಟ್ಟು ಅವಸರದಲ್ಲಿ ದುಡಿಸಿದರಂತೂ ನೇಲ್ ಪಾಲಿಶ್ ವಾಸನೆ, ಗಂಟಲಲ್ಲಿ ಬಿಸಿ, ಕೊನೆಗೊಂದು ಅಂಟು ಸಿಹಿ. ಇವೆಲ್ಲ 10 ಡಿಗ್ರಿಯಲ್ಲಿ ಎದ್ದು ಕಾಣುತ್ತವೆ, 1 ಡಿಗ್ರಿಯಲ್ಲಿ ತೆಪ್ಪಗಿರುತ್ತವೆ. ಅಂದರೆ ಚಳಿ ಅಲ್ಲಿ ಮುಸುಕು. ಮುಖ ಸರಿಯಿಲ್ಲದವನಿಗೆ ಮುಸುಕು ಬೇಕು, ಸರಿ. ಚೆನ್ನಾಗಿರುವವನಿಗೂ ಅದನ್ನೇ ಎಳೆದು ಕಟ್ಟಿದರೆ?

ಜೊತೆಗೆ ಇನ್ನೊಂದು ತಪ್ಪು ತಿಳಿವಳಿಕೆ: ಕಪ್ಪಗಿದ್ದರೆ ಸ್ಟ್ರಾಂಗ್. ಬಣ್ಣಕ್ಕೂ ಕಿಕ್ಕಿಗೂ ಸಂಬಂಧವೇ ಇಲ್ಲ. ಗಿನ್ನೆಸ್ ಡ್ರಾಫ್ಟ್ 4.2 ಪರ್ಸೆಂಟ್. 568 ಎಂಎಲ್‌ನ ಒಂದು ಪೈಂಟ್‌ನಲ್ಲಿ ಶುದ್ಧ ಆಲ್ಕೋಹಾಲ್ 24 ಎಂಎಲ್. ನಮ್ಮ ಸ್ಟ್ರಾಂಗ್ ಬಿಯರ್ ಲೇಬಲ್ ಮೇಲೆ '8 ಪರ್ಸೆಂಟ್ ಮೀರದಂತೆ' ಅಂತಿರುತ್ತೆ. 8 ಅಂತಲೇ ಹಿಡಿದರೆ 650ರ ಬಾಟಲಿಯಲ್ಲಿ 52 ಎಂಎಲ್. 42.8 ಪರ್ಸೆಂಟಿನ ವಿಸ್ಕಿ 60 ಎಂಎಲ್ ಹಾಕಿದರೆ ಅದರಲ್ಲಿರೋದು ಸುಮಾರು 26. ಅಂದರೆ "ಬರೀ ಬಿಯರ್ ಕಣೋ" ಅಂತ ಇಳಿಸುವ ಒಂದು ಸ್ಟ್ರಾಂಗ್ ಬಾಟಲಿ ಎರಡು ಲಾರ್ಜ್ ವಿಸ್ಕಿಗೆ ಸಮ. ಗಾಡಿ ಕೀಲಿ ಜೇಬಿನಲ್ಲಿಟ್ಟುಕೊಂಡು ಹೋಗುವವರು ಈ ಸಾಲನ್ನು ಇನ್ನೊಂದು ಸಲ ಓದಿ.

ಹಾಗಾದರೆ ಆ ಕಪ್ಪು ಎಲ್ಲಿಂದ? ಹುರಿದದ್ದರಿಂದ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟ್ ಹುರಿಯುವ ತಿರುಗುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಕಾಫಿ ಬೀಜ ಹುರಿಯುವ ಡ್ರಮ್ ನೋಡಿದ್ದೀರಲ್ಲ, ಅದೇ ಜಾತಿ. ಅಲ್ಲಿಂದ ಮುಂದೆ ಹಿಡಿಯಷ್ಟು ಕರಿ ಮಾಲ್ಟ್ ಹಾಕಿ ಇಡೀ ಕೊಪ್ಪರಿಗೆಯನ್ನು ಕಪ್ಪು ಮಾಡೋದು ಸಾಧ್ಯವಾಯ್ತು. ಇವತ್ತಿಗೂ ಸ್ಟೌಟ್‌ನ ಒಟ್ಟು ಧಾನ್ಯದಲ್ಲಿ ಹುರಿದದ್ದು ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಪಾಲು. ಐರಿಶ್ ಪದ್ಧತಿಯಲ್ಲಿ ಮೊಳಕೆ ಬರಿಸದ ಬಾರ್ಲಿಯನ್ನೇ ಹುರಿದು ಹಾಕ್ತಾರೆ, ಗಿನ್ನೆಸ್ ಕಾರ್ಖಾನೆಯಲ್ಲಿ 232 ಡಿಗ್ರಿಯಲ್ಲಿ. ಹತ್ತು ದಾಟಿಸಿದರೆ ಇದ್ದಿಲು ಅಗಿದ ಹಾಗೆ. ನಮ್ಮೂರಿನ ಕೆಲವು ಬ್ರೂವರಿಗಳು ಕಪ್ಪು ಕಡಿಮೆಯಾದೀತು ಅಂತ ಕೈ ಬಿಟ್ಟು ಸುರಿದು ಅದನ್ನೇ 'ಬೋಲ್ಡ್' ಅಂತ ಮೆನುವಿನಲ್ಲಿ ಬರೀತಾರೆ. ಬೋಲ್ಡೂ ಇಲ್ಲ ಗೋಲ್ಡೂ ಇಲ್ಲ, ಅಳತೆ ತಪ್ಪಿದೆ.

ನೀರಿನದೂ ಒಂದು ಪಾತ್ರ ಇದೆ. ಹುರಿದ ಧಾನ್ಯ ಹುಳಿ ಸ್ವಭಾವದ್ದು. ಗಿನ್ನೆಸ್ ಊರಾದ ಡಬ್ಲಿನ್ನಿನ ನೀರಲ್ಲಿ ಬೈಕಾರ್ಬೊನೇಟ್ ಅನ್ನುವ ಕ್ಷಾರ ಜಾಸ್ತಿ. ಅದು ಆ ಹುಳಿಯನ್ನು ತೂಗಿಸುತ್ತೆ, ಅದಕ್ಕೇ ಅಲ್ಲಿ ಸ್ಟೌಟ್ ಕುದುರಿತು. ಬೊಹೆಮಿಯಾದ (ಈಗಿನ ಚೆಕ್ ದೇಶ) ಪಿಲ್ಸನ್ ಊರಿನ ನೀರು ತೀರಾ ಮೆದು, ಅಲ್ಲಿ 1842ರಲ್ಲಿ ಹೊಂಬಣ್ಣದ ಲಾಗರ್ ಹುಟ್ಟಿತು. ನಮ್ಮ ಬೋರ್‌ವೆಲ್ ಗಡಸು ನೀರನ್ನು ಬ್ರೂವರಿಗಳು ಆರ್‌ಒದಲ್ಲಿ ಪೂರ್ತಿ ಬಸಿದು, ಆಮೇಲೆ ಬಿಯರ್‌ಗೆ ತಕ್ಕಂತೆ ಜಿಪ್ಸಮ್ಮೋ ಕ್ಯಾಲ್ಸಿಯಂ ಕ್ಲೋರೈಡೋ ತೂಗಿ ಹಾಕ್ತವೆ. ಇಷ್ಟೆಲ್ಲ ನಾಜೂಕು ಮಾಡಿ ಕೊನೆಗೆ ಐಸ್ ಮಗ್ಗಿಗೆ ಸುರಿಯೋದು. ನನಗೆ ಹೊಟ್ಟೆ ಉರಿಯೋದು ಇಲ್ಲೇ.

ಒಳ್ಳೆಯ ಸ್ಟೌಟ್ ಹೇಗೆ ಬಿಚ್ಚಿಕೊಳ್ಳುತ್ತೆ ಅಂತ ನೋಡಬೇಕಾದರೆ ಕೆಲಸ ಸುಲಭ. ಸಾದಾ ಗ್ಲಾಸು, ಫ್ರೀಜರ್ ಮುಖ ನೋಡದ್ದು. ಸುರಿದು ಇಡಿ. 6 ಡಿಗ್ರಿಯಲ್ಲಿ ಮೊದಲ ಗುಟುಕು: ಕಹಿ, ಸ್ವಲ್ಪ ಒಗರು, ಅಷ್ಟೇ. ಹತ್ತು ನಿಮಿಷ ಕಡಲೆಕಾಯಿ ಮುಟ್ಟದೆ ಕೂತಿರಿ. 9-10 ಡಿಗ್ರಿಗೆ ಬಂದಾಗ ಗ್ಲಾಸಿನ ಬಾಯಿಗೆ ಮೂಗು ಇಟ್ಟರೆ ಹಿತ್ತಾಳೆ ಫಿಲ್ಟರ್‌ನ ಮೊದಲ ಡಿಕಾಕ್ಷನ್ ನೆನಪಾಗುತ್ತೆ, ಚಿಕೋರಿ ಹಾಕದ್ದು. ಗುಟುಕಿಗೆ ಕೋಕೋ ಪುಡಿ. ಇನ್ನೂ ಹತ್ತು ನಿಮಿಷ. 13-14ಕ್ಕೆ ರಾಗಿ ಹುರಿಹಿಟ್ಟು, ಪಾಕ ಹದ ಮೀರಿ ಇನ್ನೇನು ಸೀಯಬೇಕು ಅನ್ನುವ ಬೆಲ್ಲ. ಓಟ್ಸ್ ಹಾಕಿದ್ದರೆ ಗಂಜಿಯ ನುಣುಪು. ಮಿಲ್ಕ್ ಸ್ಟೌಟ್ ಆದರೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಇರುತ್ತೆ. ಬಿಯರ್ ಯೀಸ್ಟ್ ಅದನ್ನು ತಿನ್ನಲಾರದು, ಹಾಗಾಗಿ ಸಿಹಿ ಹಾಗೇ ಉಳಿಯುತ್ತೆ. ಒಂದೇ ಗ್ಲಾಸಿನಲ್ಲಿ ಮೂರು ಬಿಯರ್ ಕುಡಿದ ಹಾಗೆ. ಐಸ್ ಮಗ್‌ನವರಿಗೆ ಸಿಗೋದು ಆ ಮೊದಲನೆಯದರ ಅರ್ಧ.

ನೈಟ್ರೋ ಸ್ಟೌಟ್ ಸಿಕ್ಕಿದರೆ ಸುರಿಯೋದನ್ನು ನೋಡೋದೇ ಒಂದು ಸುಖ. ಅದಕ್ಕೆ ಸುಮಾರು ಮುಕ್ಕಾಲು ನೈಟ್ರೋಜನ್, ಕಾಲು ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗ್ಯಾಸು. ನೈಟ್ರೋಜನ್ ಬಿಯರ್‌ನಲ್ಲಿ ಕರಗೋದು ಕಡಿಮೆ, ಗುಳ್ಳೆ ತೀರಾ ಸಣ್ಣ, ನೊರೆ ಬೆಣ್ಣೆಯ ಹಾಗೆ. ಗಿನ್ನೆಸ್‌ನಲ್ಲಿ ಇದನ್ನು 1959ರಲ್ಲಿ ಸಾಧಿಸಿದ ಮೈಕೆಲ್ ಆ್ಯಶ್ ಓದಿದ್ದು ಗಣಿತ. ಕ್ಯಾನ್ ಅಲ್ಲಾಡಿಸಿದರೆ ಒಳಗೆ ಟಕಟಕ ಅನ್ನುವ ಪ್ಲಾಸ್ಟಿಕ್ ಗೋಲಿಯೂ ಇದಕ್ಕೇ, ಮುಚ್ಚಳ ತೆಗೆದಾಗ ಅದರಿಂದ ನೈಟ್ರೋಜನ್ ಚಿಮ್ಮಿ ನೊರೆ ಎಬ್ಬಿಸುತ್ತೆ. ಆ ಕ್ಯಾನನ್ನು ಮೂರು ಗಂಟೆಯಾದರೂ ಫ್ರಿಜ್‌ನಲ್ಲಿಡದೆ ತೆಗೆದರೆ ಟೇಬಲ್ ಬಟ್ಟೆಗೆ ಅಭಿಷೇಕ. ಗ್ಲಾಸನ್ನು 45 ಡಿಗ್ರಿ ಓರೆ ಹಿಡಿದು ಮುಕ್ಕಾಲು ತುಂಬಿಸಿ, ಬಿಡಿ. ಗೋಡೆಯುದ್ದಕ್ಕೂ ಗುಳ್ಳೆ ಕೆಳಕ್ಕೆ ಇಳಿಯುತ್ತವೆ. ಮೇಲೇರಬೇಕಾದ ಗುಳ್ಳೆ ಇಳಿಯೋದ್ಯಾಕೆ? ಗ್ಲಾಸ್ ಮೇಲಕ್ಕೆ ಹೋದಂತೆ ಅಗಲ. ನಡುವೆ ಗುಳ್ಳೆ ದಟ್ಟವಾಗಿ ಮೇಲೇರುವಾಗ ಬದಿಯ ಬಿಯರ್ ಕೆಳಗೆ ಹರಿಯುತ್ತೆ, ಸಣ್ಣ ಗುಳ್ಳೆಗಳನ್ನು ಜೊತೆಗೆ ಎಳೆದುಕೊಂಡು. ಎಲ್ಲ ತಿಳಿಯಾಗಿ ಕಪ್ಪು ಬಿಳುಪು ಬೇರೆಯಾದ ಮೇಲೆ ಉಳಿದದ್ದು ತುಂಬಿಸಬೇಕು. ಎರಡು ನಿಮಿಷದ ಕೆಲಸ. ಹಿಮ ಹಿಡಿದ ಮಗ್ಗಲ್ಲಿ ಈ ಇಡೀ ನಾಟಕಕ್ಕೆ ಪರದೆ.

ಈಗ ಕ್ರಾಫ್ಟ್ (ಸಣ್ಣ ಬ್ರೂವರಿಗಳ ಬಿಯರ್) ಭಕ್ತರ ಸರದಿ. ಸ್ಟೌಟ್ ಹೊಗಳಿದೆ ಅಂತ ಖುಷಿಯಾಗಬೇಡಿ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಬ್ರೂಪಬ್ ಶುರುವಾದ ಮೇಲೆ ಊರಿನಲ್ಲಿ ಒಂದು ಹೊಸ ಜಾತಿ ಹುಟ್ಟಿಕೊಂಡಿದೆ, ಅಗ್ಗದ ಲಾಗರ್ ಹೆಸರೆತ್ತಿದರೆ ಮೂಗು ಮುರಿಯುವವರು. ಸ್ವಾಮಿ, ಸ್ಟೌಟ್‌ನಲ್ಲಿ ಸಣ್ಣಪುಟ್ಟ ತಪ್ಪು ಹುರಿದ ಘಾಟಿನ ಕೆಳಗೆ ಮುಚ್ಚಿಹೋಗುತ್ತೆ. ತಿಳಿ ಲಾಗರ್‌ನಲ್ಲಿ ಬಚ್ಚಿಡಲು ಜಾಗ ಇಲ್ಲ. ಬೆಂದ ಮೆಕ್ಕೆಜೋಳದ ವಾಸನೆ, ಬೆಣ್ಣೆ ಬಿಸ್ಕತ್ತಿನ ವಾಸನೆ, ಹಸಿ ಸೇಬಿನ ವಾಸನೆ, ಯಾವುದಿದ್ದರೂ ಸಿಕ್ಕಿಬೀಳುತ್ತೆ. ಲಾಗರ್ ಯೀಸ್ಟ್ 8ರಿಂದ 12 ಡಿಗ್ರಿಯಲ್ಲಿ ನಿಧಾನ ಹುದುಗಬೇಕು, ಆಮೇಲೆ ಸೊನ್ನೆಯ ಹತ್ತಿರ ವಾರಗಟ್ಟಲೆ ಮಲಗಬೇಕು. ಏಲ್ (ಸ್ಟೌಟ್, ಐಪಿಎ ಎಲ್ಲ ಇದೇ ಜಾತಿ) ಆದರೆ 18-22 ಡಿಗ್ರಿಯಲ್ಲಿ ಎರಡು ವಾರಕ್ಕೆ ಮುಗೀತು. ಬ್ರೂಪಬ್ ಮೆನುವಿನಲ್ಲಿ ಗೋಧಿ ಬಿಯರ್, ಏಲ್‌ಗಳದೇ ಕಾರುಬಾರು ಯಾಕೆ ಅಂದುಕೊಂಡಿರಿ? ಲಾಗರ್ ಇಟ್ಟರೆ ಟ್ಯಾಂಕ್ ಎರಡು ಪಟ್ಟು ಕಾಲ ಸಿಕ್ಕಿಹಾಕಿಕೊಳ್ಳುತ್ತೆ. ಐದು ಪರ್ಸೆಂಟಿನ ಆಸುಪಾಸಿನ ಮೈಲ್ಡ್ ಕ್ಯಾನು, ವರ್ಷಪೂರ್ತಿ ಒಂದೇ ರುಚಿ, ಆ ಬೆಲೆಗೆ. ಅದು ಕೈಚಳಕ ಅಲ್ಲದಿದ್ದರೆ ಇನ್ನೇನು? (ಹೌದು, ನನ್ನ ಫ್ರಿಜ್‌ನಲ್ಲಿ ಈಗಲೂ ಅದೇ ನಾಲ್ಕು ಇವೆ. ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.)

ಆದರೆ ಕ್ಯಾನನ್ನೂ ಮರ್ಯಾದೆಯಿಂದ ಕುಡಿಯಿರಿ. ತಗಡಿನ ರುಚಿ ಅನ್ನುವ ದೂರು ಸುಳ್ಳು, ಒಳಗೆಲ್ಲ ತೆಳು ಪದರ ಬಳಿದಿರುತ್ತಾರೆ, ಬಿಯರ್ ಲೋಹ ಮುಟ್ಟಲ್ಲ. ಮುಟ್ಟೋದು ನಿಮ್ಮ ತುಟಿ. ಗ್ಲಾಸಿಗೆ ಸುರಿದರೆ ಮುಗೀತು. ಸುರಿಯುವಾಗ ಎರಡು ಬೆರಳು ನೊರೆ ಏಳಿಸಿ. ಹೆಚ್ಚಿನ ಗ್ಯಾಸು ಗ್ಲಾಸಿನಲ್ಲೇ ಹೋಗುತ್ತೆ, ಇಲ್ಲದಿದ್ದರೆ ಅದು ಹೊಟ್ಟೆಯಲ್ಲಿ ಬಿಡುಗಡೆಯಾಗಿ "ಬಿಯರ್ ನನಗೆ ಆಗಲ್ಲಪ್ಪ, ಹೊಟ್ಟೆ ಉಬ್ಬರ" ಅನ್ನಿಸುತ್ತೆ. ಅವಸರಕ್ಕೆ ತಣ್ಣಗಾಗಬೇಕಾದರೆ ಫ್ರೀಜರ್ ಬೇಡ, ಮರೆತರೆ ಹೆಪ್ಪುಗಟ್ಟಿ ಬಾಟಲಿ ಒಡೆಯುತ್ತೆ. ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು, ಎರಡು ಹಿಡಿ ಕಲ್ಲುಪ್ಪು. ನಡುನಡುವೆ ತಿರುಗಿಸಿ. ಕ್ಯಾನಿಗೆ ಹತ್ತು ನಿಮಿಷ, 650ರ ಬಾಟಲಿಗೆ ಇಪ್ಪತ್ತು-ಇಪ್ಪತ್ತೈದು. ಬರೀ ಐಸಿನಲ್ಲಿ ನಡುನಡುವೆ ಗಾಳಿ ಇರುತ್ತೆ, ನೀರು ಹಾಕಿದರೆ ಮಾತ್ರ ತಂಪು ಮೈಗೆ ತಾಗೋದು.

ಬಾಟಲಿ ಅಂದ ಕೂಡಲೇ ಗ್ಲಿಸರಿನ್ ಮಹಾತ್ಮೆ ನೆನಪಾಯ್ತು, ನಮ್ಮ ಬಿಯರ್‌ಗೆ ಗ್ಲಿಸರಿನ್ ಬೆರೆಸ್ತಾರೆ ಅನ್ನುವ ನಂಬಿಕೆ. ಬಾಟಲಿ ಬಾಯಿ ಬೆರಳಲ್ಲಿ ಮುಚ್ಚಿ, ತಲೆಕೆಳಗು ಮಾಡಿ ನೀರಿನ ಜಗ್ಗಿಗೆ ಅದ್ದಿ, "ನೋಡು, ಗ್ಲಿಸರಿನ್ ಹೆಂಗ್ ಇಳೀತಾ ಇದೆ" ಅಂತ ತೋರಿಸುವ ವಿಜ್ಞಾನಿಗಳು ಇನ್ನೂ ಎಲ್ಲ ಬಾರಲ್ಲೂ ಇದ್ದಾರೆ. ಅದು ಗ್ಲಿಸರಿನ್ ಅಲ್ಲ, ಬಿಯರೇ. ಉಳಿದ ಸಕ್ಕರೆ ಅಂಶದಿಂದ ಬಿಯರ್ ನೀರಿಗಿಂತ ತುಸು ಭಾರ, ಲೀಟರಿಗೆ ಎಂಟು-ಹತ್ತು ಗ್ರಾಂ. ಭಾರದ್ದು ಕೆಳಗೆ, ಹಗುರದ ನೀರು ಮೇಲೆ ಬಾಟಲಿಯೊಳಕ್ಕೆ. ಸಕ್ಕರೆ ನೀರು ತುಂಬಿಸಿ ಇದೇ ಆಟ ಆಡಿ, ಅದೇ ಕಾಣುತ್ತೆ. ಯೀಸ್ಟ್ ತಾನೇ ಮಾಡುವ ಒಂಚೂರು ಗ್ಲಿಸರಾಲ್ ಎಲ್ಲ ಬಿಯರ್‌ನಲ್ಲೂ ಇರುತ್ತೆ, ವಿದೇಶಿಯಲ್ಲೂ. ಅದು ಕರಗಿರೋದು, ಹೀಗೆಲ್ಲ ಬೇರ್ಪಡಿಸಲಿಕ್ಕೆ ಬರಲ್ಲ. ಒಟ್ಟಾರೆ ಆದದ್ದಿಷ್ಟೇ: ಬಿಯರ್ ಚೆಲ್ಲಿ ಜಗ್ಗಿನ ನೀರು ತುಂಬಿಸಿಕೊಂಡಿರಿ. ಐಸ್ ಮಗ್‌ನ ದೊಡ್ಡಪ್ಪ ಇದು.

ಬಿಯರ್ ಕೆಟ್ಟಿದ್ದರೆ ಮುಕ್ಕಾಲು ಪಾಲು ತಪ್ಪು ಬಿಸಿಲಿನದು, ಬಿಸಿಯದು, ತೊಳೆಯದ ಪೈಪಿನದು. ಬೆಳಕು ಹಾಪ್ಸ್ (ಬಿಯರ್‌ಗೆ ಹಾಕುವ ಹೂವು) ಕೊಡುವ ಕಹಿಯ ಮೇಲೆ ಬಿದ್ದರೆ ಮುಗ್ಗಲು, ರಬ್ಬರ್ ಸುಟ್ಟಂಥ ವಾಸನೆ ಏಳುತ್ತೆ. ಹಸಿರು, ಬಿಳಿ ಬಾಟಲಿಯಲ್ಲಿ ನೇರ ಬಿಸಿಲಿಗೆ ಕೆಲವೇ ನಿಮಿಷ ಸಾಕು, ಕಂದು ಬಾಟಲಿ ಸಾಕಷ್ಟು ತಡೆಯುತ್ತೆ, ಕ್ಯಾನಿಗೆ ಭಯವೇ ಇಲ್ಲ. ಅಗ್ಗದ ಕ್ಯಾನು ದುಬಾರಿ ಹಸಿರು ಬಾಟಲಿಯನ್ನು ಸೋಲಿಸೋದು ಇಲ್ಲೇ. ಬಿಸಿಯದು ಇನ್ನೂ ಮೋಸ: 32 ಡಿಗ್ರಿಯಲ್ಲಿ 3 ದಿನ, 22ರಲ್ಲಿ 30 ದಿನ, 3ರಲ್ಲಿ 300 ದಿನ, ಮೂರೂ ಬಿಯರನ್ನು ಹತ್ತಿರ ಹತ್ತಿರ ಒಂದೇ ಸಮ ಮುದುಕ ಮಾಡುತ್ತವೆ ಅನ್ನೋದು ಈ ಕಸುಬಿನವರ ಅಂದಾಜು. ನೆನೆದ ರಟ್ಟಿನ ವಾಸನೆ ಬಂದರೆ ಓಲ್ಡ್ ಸ್ಟಾಕ್ ಅಂತಲೇ ಅರ್ಥ. ವೈನ್ ಶಾಪ್ ಮುಂದೆ ಬಿಸಿಲಲ್ಲಿ ಪೇರಿಸಿಟ್ಟ ಕೇಸಿನಿಂದ ಕೊಡ್ತಿದ್ದರೆ ಬೇರೆ ಅಂಗಡಿ ನೋಡಿ. ಕ್ಯಾನಿನ ತಳದಲ್ಲಿ ತಯಾರಾದ ತಾರೀಕು ಓದಿ. ಎರಡು ತಿಂಗಳೊಳಗಿನದು ಸಿಕ್ಕರೆ ಅದೃಷ್ಟ. ನಲ್ಲಿ ಬಿಯರ್ ಬೆಣ್ಣೆ ವಾಸನೆ, ಹುಳಿ ಹೊಡೆದರೆ ಪೈಪ್ ಎರಡು ವಾರಕ್ಕೊಮ್ಮೆ ಕಾಸ್ಟಿಕ್ ಸೋಡಾ ಹಾಕಿ ತೊಳೆಯುತ್ತಿಲ್ಲ ಅಂತ.

ಗ್ಲಾಸ್ ಶುದ್ಧವಾ ಅಂತ ತಿಳಿಯಲು ಒದ್ದೆ ಗ್ಲಾಸಿನೊಳಗೆ ಚಿಟಿಕೆ ಉಪ್ಪು ಉದುರಿಸಿ. ಎಲ್ಲ ಕಡೆ ಸಮ ಅಂಟಿದರೆ ಸರಿ. ಬೋಳು ಬೋಳು ಜಾಗ ಉಳಿದರೆ ಅಲ್ಲಿ ಜಿಡ್ಡಿದೆ. ಬಿಯರ್ ಸುರಿದಾಗ ಗುಳ್ಳೆ ಗಾಜಿಗೆ ಕಚ್ಚಿಕೊಂಡು ನಿಂತರೂ ಅದೇ ಅರ್ಥ. ಕಬಾಬ್ ಎಣ್ಣೆ ಒಂದು ಹನಿ ಸಾಕು ನೊರೆ ಸಾಯಲು.

ಹೋಲಿಸಿ ನೋಡುವವರು ಹಗುರದಿಂದ ಗಾಢಕ್ಕೆ ಹೋಗಿ: ಲಾಗರ್, ಗೋಧಿ ಬಿಯರ್ (ಯೀಸ್ಟ್‌ನಿಂದಲೇ ಬರುವ ಬಾಳೆಹಣ್ಣು, ಲವಂಗ ಹುಡುಕಿ), ಐಪಿಎ, ಸ್ಟೌಟ್ ಕೊನೆಗೆ. ನಡುವೆ ನೀರು, ಒಣ ಚಪಾತಿ ಚೂರು. ಕಾಂಗ್ರೆಸ್ ಕಡಲೆಕಾಯಿ ಆಮೇಲೆ. ಖಾರದ ಮೇಲೆ ಹಾಪ್ಸ್ ಕಹಿ ಬಿದ್ದರೆ ಎರಡೂ ಏರುತ್ತವೆ, ರುಚಿ ತಿಳಿಯಲ್ಲ. ಸ್ಟೌಟ್‌ಗೆ ಕೊಡಗಿನ ಪಂದಿಕರಿ ಇಟ್ಟು ನೋಡಿ, ಕಾಚಂಪುಳಿಯ ಹುಳಿ ಆ ಹುರಿದ ಕಹಿಯ ಕೈ ಹಿಡಿಯುತ್ತೆ.

ಇಷ್ಟಾದ ಮೇಲೂ "ನನಗೆ ಎಲ್ಲ ಬಿಯರ್ ಗೊತ್ತು, ಕಣ್ಣು ಮುಚ್ಚಿ ಹೇಳ್ತೀನಿ" ಅನ್ನುವವರಿಗೆ ಒಂದು ಪರೀಕ್ಷೆ. ಎರಡು ಲಾಗರ್ ತಗೊಳ್ಳಿ, ನೀವು ಪೂಜಿಸುವ ದುಬಾರಿದು ಒಂದು, ಬೈಯುವ ಅಗ್ಗದ್ದು ಒಂದು. ಎರಡೂ ಒಂದೇ ಫ್ರಿಜ್‌ನಲ್ಲಿ ಒಂದು ದಿನ ಇರಲಿ. ಬಣ್ಣ ಕಾಣದ ಹಾಗೆ ಸ್ಟೀಲ್ ಲೋಟಕ್ಕೆ ಸುರಿಯಲು ಇನ್ನೊಬ್ಬರಿಗೆ ಹೇಳಿ. ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ನಿಮ್ಮ ಕೆಲಸ ಬೇರೆಯದನ್ನು ಹಿಡಿಯೋದು. ಯಾವುದು ದುಬಾರಿ ಅಂತಲೂ ಹೇಳಬೇಕಿಲ್ಲ. ಸುಮ್ಮನೆ ಊಹಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತೆ, ಹಾಗಾಗಿ ಲೋಟಗಳ ಜಾಗ ಬದಲಿಸಿ ಆರು ಸುತ್ತು ಮಾಡಿ. ಆರರಲ್ಲಿ ನಾಲ್ಕು ಅಥವಾ ಹೆಚ್ಚು ಬರೀ ಅದೃಷ್ಟದಲ್ಲಿ ಬರುವ ಸಾಧ್ಯತೆ ನೂರಕ್ಕೆ ಹತ್ತು, ಐದು ಅಥವಾ ಹೆಚ್ಚು ಬರೋದು ನೂರಕ್ಕೆ ಎರಡೂ ಇಲ್ಲ. (ಸಣ್ಣ ಸಂಖ್ಯೆಗಳಿಂದ ಲೆಕ್ಕ ತೆಗೆಯುವ ಟಿ-ಟೆಸ್ಟ್ ಹುಟ್ಟಿದ್ದೂ ಬ್ರೂವರಿಯಲ್ಲೇ. 1908ರಲ್ಲಿ ಗಿನ್ನೆಸ್‌ನ ನೌಕರ ಗಾಸೆಟ್ 'ಸ್ಟೂಡೆಂಟ್' ಅನ್ನುವ ಗುಪ್ತನಾಮದಲ್ಲಿ ಪ್ರಕಟಿಸಿದ್ದು.)

ಪ್ರತಿ ಸುತ್ತಿಗೆ ಲೋಟಕ್ಕೆ 30 ಎಂಎಲ್ ಸಾಕು, ಗಡಂಗಿನ ಹಾಗೆ ತುಂಬಿಸಬೇಡಿ. ಮೂರನೇ ಸುತ್ತಿಗೆ ಎಲ್ಲವೂ ಒಂದೇ ಅನ್ನಿಸಲು ಶುರುವಾದೀತು. ಒಮ್ಮೆ ಫ್ರಿಜ್‌ನಿಂದ ನೇರ ತೆಗೆದು ಮಾಡಿ, ಇನ್ನೊಂದು ದಿನ ಹತ್ತು ನಿಮಿಷ ಹೊರಗಿಟ್ಟು ಮಾಡಿ. ಐದು ಬಂದವರು ಎರಡೂ ದಿನದ ಅಂಕ ಕಾಮೆಂಟ್‌ನಲ್ಲಿ ಹಾಕಿ, ಕಾಲು ಹಿಡಿದು ನಮಸ್ಕಾರ ಮಾಡ್ತೀನಿ. ನಾಲ್ಕು ಬಂದವರು ಮುಂದಿನ ಶನಿವಾರ ಮತ್ತೆ ಕೂತ್ಕೊಳ್ಳಿ. ಫೋಟೋನೂ ಹಾಕಬಹುದು, ಆದರೆ ಮೂಲೆಯಲ್ಲೆಲ್ಲೋ ಹಿಮ ಹಿಡಿದ ಮಗ್ ಕಂಡರೆ ಅನ್‌ಫ್ರೆಂಡ್ ಮಾಡೋದು ಗ್ಯಾರಂಟಿ.